ಸಾಕ್ಷಿ ಪರದೇಶದಲ್ಲಿ, ಸಾಕ್ಷ್ಯ ಕಾಗದದಲ್ಲಿ



ಇಂದಿನ ಮಾತನ್ನು ಒಂದು ಕಲ್ಪಿತ ಪ್ರಸಂಗದಿಂದ ಆರಂಭಿಸುತ್ತೇನೆ. ಹಾಸನ ಜಿಲ್ಲೆಯ ಒಂದು ಹಳ್ಳಿ. ಅಲ್ಲಿಯ ರೈತರೊಬ್ಬರು ಎರಡು ಎಕರೆ ಜಮೀನು ಕೊಳ್ಳಲು ಕರಾರು ಮಾಡಿಕೊಂಡು, ಮಾರುವವರ ಮನೆಯ ಜಗಲಿಯ ಮೇಲೆ ಕುಳಿತು ಮುಂಗಡ ಹಣ ಎಣಿಸಿ ಕೊಡುತ್ತಾರೆ. ರಸೀದಿ ಬರೆಸಿಕೊಳ್ಳುವುದಿಲ್ಲ. ಹಣ ಕೈ ಬದಲಾದುದನ್ನು ಕಂಡವನು ನೆರೆಮನೆಯ ಯುವಕನೊಬ್ಬನೇ. ಕೆಲವು ವರ್ಷ ಕಳೆಯುತ್ತದೆ. ಯುವಕ ಎಂಜಿನಿಯರ್ ಆಗಿ ಅಮೆರಿಕಕ್ಕೆ ಹೋಗುತ್ತಾನೆ. ಇತ್ತ ಜಮೀನಿನ ಬೆಲೆ ಏರುತ್ತದೆ. ಮಾರಲು ಒಪ್ಪಿದ್ದವರು, 'ಮುಂಗಡವನ್ನೇ ನಾವು ಪಡೆದಿಲ್ಲ' ಎನ್ನುತ್ತಾರೆ. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರುತ್ತದೆ. ರೈತರು ಅಮೆರಿಕಕ್ಕೆ ಫೋನು ಮಾಡಿದಾಗ ಯುವಕ ಹೇಳುತ್ತಾನೆ: 'ಅಣ್ಣಾ, ನೀವು ದುಡ್ಡು ಕೊಟ್ಟಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಆದ್ರೆ ಈಗ ಅಲ್ಲಿಗೆ ಬರೋದಕ್ಕೆ ಆಗಲ್ಲ. ಬರೆದು ಸಹಿ ಮಾಡಿ ಕಳಿಸಿಕೊಡ್ತೀನಿ, ಅದನ್ನೇ ಕೋರ್ಟಿಗೆ ಕೊಡಿ.'

ಆ ಕಾಗದ ಸಾಕೇ? ಹೇಳುವವನು ಪ್ರಾಮಾಣಿಕ, ಹೇಳುತ್ತಿರುವುದೂ ನಿಜ. ಆದರೂ ನ್ಯಾಯಾಧೀಶರು ಅದನ್ನು ಓದಿ ಒಡನೆಯೇ ತೀರ್ಪು ಕೊಡುವಂತಿಲ್ಲ. ಏಕೆ ಕೊಡುವಂತಿಲ್ಲ, ಹಾಗಾದರೆ ದೂರದೇಶದಲ್ಲಿರುವ ಸಾಕ್ಷಿಯ ಮಾತು ನಮ್ಮ ನ್ಯಾಯಾಲಯವನ್ನು ತಲುಪುವುದು ಹೇಗೆ ಎಂಬುದೇ ಇಂದಿನ ವಿಷಯ. ದುಬೈ, ಲಂಡನ್, ಕ್ಯಾಲಿಫೋರ್ನಿಯಾಗಳಲ್ಲಿ ಬಂಧುಗಳಿಲ್ಲದ ಕನ್ನಡ ಕುಟುಂಬಗಳು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಇದು ವಕೀಲರಿಗೆ ಮಾತ್ರ ಸೇರಿದ ವಿಷಯವಲ್ಲ.

ಕಾಗದವನ್ನು ಪ್ರಶ್ನಿಸಲಾಗದು

ಸಾಕ್ಷಿಯೊಬ್ಬರು ಕಟಕಟೆಗೆ ಬಂದಾಗ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಅವರು ಪ್ರಮಾಣ ಸ್ವೀಕರಿಸುತ್ತಾರೆ. ಅವರನ್ನು ಕರೆಸಿದ ಪಕ್ಷದ ವಕೀಲರು ಪ್ರಶ್ನೆ ಕೇಳುತ್ತಾರೆ. ಇದು ಮುಖ್ಯ ವಿಚಾರಣೆ. ಅನಂತರ ಎದುರು ಪಕ್ಷದ ವಕೀಲರು ಎದ್ದು ನಿಲ್ಲುತ್ತಾರೆ. ಇದು ಪಾಟೀಸವಾಲು. ಅಗತ್ಯವಾದರೆ ಕೊನೆಯಲ್ಲಿ ಮರುವಿಚಾರಣೆ. ಈ ಮೂರರಲ್ಲಿ ಪಾಟೀಸವಾಲೇ ಸತ್ಯದ ಒರೆಗಲ್ಲು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ನಮ್ಮ ಗಾದೆಯನ್ನು ನ್ಯಾಯಾಲಯ ಆಚರಣೆಗೆ ತರುವುದು ಇಲ್ಲಿಯೇ.

ನಮ್ಮ ಎಂಜಿನಿಯರನ ಪ್ರಸಂಗಕ್ಕೇ ಬರೋಣ. ಅವನು ಕಾಗದದಲ್ಲಿ, 'ಜಮೀನಿನ ಮುಂಗಡವಾಗಿ ಹಣ ಕೊಟ್ಟುದನ್ನು ಕಂಡೆ' ಎಂದು ಬರೆದಿದ್ದಾನೆ ಎನ್ನಿ. ಅವನು ಕಟಕಟೆಯಲ್ಲಿ ನಿಂತಿದ್ದರೆ ಪ್ರತಿವಾದಿಯ ವಕೀಲರು ಕೇಳುತ್ತಿದ್ದರು:

'ಹಣ ಕೊಟ್ಟುದನ್ನು ನೀವು ಕಂಡಿರಿ, ಸರಿ. ಅದು ಜಮೀನಿನ ಬಾಬ್ತು ಎಂದು ನಿಮಗೆ ಹೇಗೆ ತಿಳಿಯಿತು?'

'ಆಮೇಲೆ ಅಣ್ಣನವರು ಹೇಳಿದರು.'

'ಹಳೆಯ ಸಾಲ ತೀರಿಸಲು ಕೊಟ್ಟ ಹಣವಾಗಿರಬಹುದಲ್ಲವೇ?'

'ಅದು ನನಗೆ ಗೊತ್ತಿಲ್ಲ.'

ನೋಡಿ, ಸಾಕ್ಷಿ ಸುಳ್ಳು ಹೇಳಲಿಲ್ಲ. ಆದರೆ ಕಂಡದ್ದು ಎಷ್ಟು, ಕೇಳಿದ್ದು ಎಷ್ಟು ಎಂಬುದು ಎರಡೇ ಪ್ರಶ್ನೆಗಳಲ್ಲಿ ಬೇರ್ಪಟ್ಟಿತು. ಕಾಗದದ ಒಂದು ವಾಕ್ಯದಲ್ಲಿ ಇವೆರಡೂ ಕಲಸಿಹೋಗಿದ್ದವು. ಮೌಖಿಕ ಸಾಕ್ಷ್ಯ ನೇರವಾಗಿರಬೇಕು, ಅಂದರೆ ಕಂಡದ್ದನ್ನು ಕಂಡವರೇ, ಕೇಳಿದ್ದನ್ನು ಕೇಳಿದವರೇ ಬಂದು ಹೇಳಬೇಕು ಎಂದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮ ವಿಧಿಸಿದ್ದು ಈ ಕಾರಣಕ್ಕಾಗಿ. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದಿರುವ 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ತತ್ತ್ವವನ್ನು ಉಳಿಸಿಕೊಂಡಿದೆ.

ಎರಡು ಪತ್ರಗಳ ಕಥೆ

ಈ ತತ್ತ್ವವನ್ನು ಜಗತ್ತು ಸುಲಭವಾಗಿ ಕಲಿಯಲಿಲ್ಲ. 1603ರಲ್ಲಿ ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಸರ್ ವಾಲ್ಟರ್ ರ‍್ಯಾಲಿಯ ವಿಚಾರಣೆ ನಡೆಯಿತು. ರಾಜನ ವಿರುದ್ಧ ಸ್ಪೇನಿನೊಡನೆ ಸೇರಿ ಒಳಸಂಚು ನಡೆಸಿದನೆಂಬುದು ಆರೋಪ. ಅವನ ವಿರುದ್ಧ ಇದ್ದ ಮುಖ್ಯ ಆಧಾರ, ಸೆರೆಯಲ್ಲಿದ್ದ ಲಾರ್ಡ್ ಕೋಬ್ಹಮನ ಲಿಖಿತ ಹೇಳಿಕೆ. ಕೋಬ್ಹಮ್ ಜೀವಂತವಾಗಿದ್ದ, ದೂರದ ದೇಶದಲ್ಲಿಯೂ ಇರಲಿಲ್ಲ. ಆದರೂ ಅವನನ್ನು ಕರೆತರಲಿಲ್ಲ. ತನ್ನ ಮೇಲೆ ಆಪಾದನೆ ಹೊರಿಸಿದವನು ಎದುರಿಗೆ ಬಂದು ನಿಂತು ಹೇಳಲಿ ಎಂದು ರ‍್ಯಾಲಿ ಮತ್ತೆ ಮತ್ತೆ ಕೇಳಿಕೊಂಡ. ನ್ಯಾಯಾಧೀಶರು ಒಪ್ಪಲಿಲ್ಲ.

ಆ ವಿಚಾರಣೆಯ ಒಂದು ಗಳಿಗೆಯನ್ನು ನೀವು ನೆನಪಿಡಬೇಕು. ಸರ್ಕಾರದ ಪರ ವಕೀಲ ಕೋಬ್ಹಮನ ಪತ್ರವೊಂದನ್ನು ಓದಿದ. ಅದರಲ್ಲಿ ರ‍್ಯಾಲಿ ತಪ್ಪಿತಸ್ಥನೆಂದಿತ್ತು. ರ‍್ಯಾಲಿ ತನ್ನ ಬಳಿಯಿದ್ದ ಇನ್ನೊಂದು ಪತ್ರವನ್ನು ತೆಗೆದ. ಅದೂ ಕೋಬ್ಹಮನದೇ, ಅದರಲ್ಲಿ ರ‍್ಯಾಲಿ ನಿರಪರಾಧಿ ಎಂದಿತ್ತು. ಒಬ್ಬನೇ ಮನುಷ್ಯ ಬರೆದ ಎರಡು ಕಾಗದಗಳು ಒಂದಕ್ಕೊಂದು ತಿರುಗಿ ನಿಂತವು. ಯಾವುದು ಸತ್ಯ ಎಂದು ಕೇಳೋಣವೆಂದರೆ ಬರೆದವನು ಅಲ್ಲಿರಲಿಲ್ಲ. ಅದೇ ವಿಚಾರಣೆಯಲ್ಲಿ ಒಬ್ಬ ನಾವಿಕ ಬಂದು, ತಾನು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿದ್ದಾಗ ಅಪರಿಚಿತನೊಬ್ಬ ರ‍್ಯಾಲಿಯ ಸಂಚಿನ ಬಗ್ಗೆ ಮಾತಾಡಿದ್ದನ್ನು ಕೇಳಿದೆನೆಂದು ಹೇಳಿದ. ಪರದೇಶದ ಗಾಳಿಮಾತಿಗೂ ಅಂದು ಜಾಗ ಸಿಕ್ಕಿತು. ರ‍್ಯಾಲಿಗೆ ಮರಣದಂಡನೆ ವಿಧಿಸಲಾಯಿತು. ಅದು ಜಾರಿಯಾದದ್ದು 1618ರಲ್ಲಿ.

ನಾಲ್ಕು ಶತಮಾನಗಳ ನಂತರ, 2004ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕ್ರಾಫರ್ಡ್ ಪ್ರಕರಣದ ತೀರ್ಪಿನಲ್ಲಿ ಇದೇ ವಿಚಾರಣೆಯನ್ನು ನೆನೆಯಿತು. ಪೊಲೀಸರ ಮುಂದೆ ಕೊಟ್ಟಂಥ ಹೇಳಿಕೆಯನ್ನು ಅದರ ಸಾಕ್ಷಿಗೆ ಪಾಟೀಸವಾಲು ಹಾಕುವ ಅವಕಾಶ ಆರೋಪಿಗೆ ಸಿಗದೆ ಅವನ ವಿರುದ್ಧ ಬಳಸಬಾರದು ಎಂದು ಅದು ಸಾರಿತು.

ನಮ್ಮ ಕಾನೂನು ತೆರೆದಿಟ್ಟಿರುವ ದಾರಿಗಳು

ಹಾಗಾದರೆ ವಿದೇಶದಲ್ಲಿರುವ ಸಾಕ್ಷಿಯನ್ನು ಬಿಟ್ಟೇಬಿಡಬೇಕೇ? ಬೇಡ. ನಮ್ಮ ನ್ಯಾಯಾಲಯದ ಸಮನ್ಸ್‌ ಬಲವಂತವಾಗಿ ಗಡಿ ದಾಟಲಾರದು ಎಂಬುದು ನಿಜ. ಆದರೆ ಒಬ್ಬನೇ ಸಾಕ್ಷಿ ಪರದೇಶಕ್ಕೆ ಹೋದನೆಂಬ ಕಾರಣದಿಂದ ಬಡ ರೈತ ಜಮೀನು ಕಳೆದುಕೊಳ್ಳುವುದೂ ಅನ್ಯಾಯವೇ. ಆದ್ದರಿಂದ ಕಾನೂನು ಕೆಲವು ದಾರಿಗಳನ್ನು ತೆರೆದಿದೆ.

ಮೊದಲನೆಯದು ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ. ಸಿವಿಲ್ ದಾವೆಗಳಲ್ಲಿ ಮುಖ್ಯ ವಿಚಾರಣೆಯನ್ನು ಅಫಿಡವಿಟ್ ಮೂಲಕವೇ ಸಲ್ಲಿಸಬೇಕೆಂಬ ತಿದ್ದುಪಡಿ 2002ರಿಂದ ಜಾರಿಯಲ್ಲಿದೆ. ವಿದೇಶದಲ್ಲಿರುವವರು ಅಲ್ಲಿಯ ಭಾರತೀಯ ರಾಯಭಾರ ಕಚೇರಿಗೋ ಕಾನ್ಸುಲೇಟಿಗೋ ಹೋಗಿ ಅಧಿಕಾರಿಯ ಮುಂದೆ ಪ್ರಮಾಣ ಮಾಡಬಹುದು. 1948ರ ಒಂದು ಅಧಿನಿಯಮ ಆ ಅಧಿಕಾರಿಗಳಿಗೆ ಈ ಅಧಿಕಾರ ಕೊಟ್ಟಿದೆ. ಹೀಗಾಗಿ ಕಾಗದವನ್ನು ಸಿದ್ಧಪಡಿಸುವುದು ಕಷ್ಟವಲ್ಲ. ಆದರೆ ಅಫಿಡವಿಟ್ ಅರ್ಧ ದಾರಿ ಮಾತ್ರ. ಎದುರು ಪಕ್ಷ ಪ್ರಾಮಾಣಿಕವಾಗಿ ಪಾಟೀಸವಾಲು ಬಯಸಿದರೆ, ಮತ್ತು ಸಾಕ್ಷಿಯನ್ನು ಹಾಜರುಪಡಿಸುವುದು ಸಾಧ್ಯವಿದ್ದರೆ, ಬರೀ ಅಫಿಡವಿಟ್‌ನಿಂದ ಸಂಗತಿಯನ್ನು ರುಜುವಾತು ಮಾಡಲು ಅನುಮತಿ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ.

ಎರಡನೆಯದು ಕಮಿಷನ್ ಮತ್ತು ಕೋರಿಕೆ ಪತ್ರ. ನಮ್ಮ ನ್ಯಾಯಾಲಯ ವಿದೇಶದ ನ್ಯಾಯಾಲಯಕ್ಕೆ, 'ನಿಮ್ಮ ವ್ಯಾಪ್ತಿಯಲ್ಲಿರುವ ಇಂಥವರ ಹೇಳಿಕೆಯನ್ನು ಪಡೆದು ಕಳಿಸಿಕೊಡಿ' ಎಂದು ಪತ್ರ ಬರೆಯುತ್ತದೆ. ಸಿವಿಲ್ ಮತ್ತು ವಾಣಿಜ್ಯ ವಿಷಯಗಳಲ್ಲಿ ಇದನ್ನು ಸುಗಮಗೊಳಿಸಲು 1970ರಲ್ಲಿ ಹೇಗ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ ಅದನ್ನು 2007ರಲ್ಲಿ ಸೇರಿತು. ಇಲ್ಲಿ ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸುವ ಪದ್ಧತಿಯೂ ಉಂಟು. ಎದುರು ಪಕ್ಷವೂ ತನ್ನ ಪ್ರಶ್ನೆಗಳನ್ನು ಸೇರಿಸಬಹುದು. ಆದರೆ ಬರೆದ ಪ್ರಶ್ನೆಗೆ ಒಂದು ಕೊರತೆಯಿದೆ. 'ಆಮೇಲೆ ಅಣ್ಣನವರು ಹೇಳಿದರು' ಎಂಬ ಉತ್ತರ ಬರುತ್ತದೆಂದು ಮೊದಲೇ ಯಾರಿಗೆ ಗೊತ್ತು? ಉತ್ತರದ ಬೆನ್ನು ಹಿಡಿದು ಹೊರಡುವ ಮುಂದಿನ ಪ್ರಶ್ನೆಯನ್ನು ಮುಂಚಿತವಾಗಿ ಬರೆದಿಡಲಾಗದು.

ಮೂರನೆಯದು ಹಿಂದೆಯೇ ಕೊಟ್ಟ ಸಾಕ್ಷ್ಯ. ಸಾಕ್ಷಿ ಮೊದಲೊಮ್ಮೆ ನ್ಯಾಯಾಲಯದಲ್ಲಿ ನುಡಿದು ನಂತರ ತೀರಿಹೋದರೆ, ಸಿಗದೆ ಹೋದರೆ, ಅಥವಾ ಅವರನ್ನು ಕರೆಸುವುದು ವಿಪರೀತ ಖರ್ಚಿನ, ವಿಳಂಬದ ಮಾತಾದರೆ, ಆ ಹಳೆಯ ದಾಖಲೆಯನ್ನು ಓದಬಹುದು. ಆದರೆ ಇಲ್ಲಿಯೂ ಷರತ್ತುಗಳುಂಟು. ಅದೇ ಪಕ್ಷಗಳ ನಡುವಿನ ವ್ಯವಹಾರವಾಗಿರಬೇಕು, ವಿವಾದದ ಅಂಶಗಳು ಮೂಲತಃ ಅವೇ ಆಗಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಎದುರು ಪಕ್ಷಕ್ಕೆ ಅಂದು ಪಾಟೀಸವಾಲಿನ ಹಕ್ಕೂ ಅವಕಾಶವೂ ಇದ್ದಿರಬೇಕು.

ಈ ಮೂರು ದಾರಿಗಳನ್ನು ಸಾಲಾಗಿ ಇಟ್ಟು ನೋಡಿ. ಪ್ರತಿಯೊಂದು ಬಾಗಿಲಲ್ಲಿಯೂ ಒಬ್ಬನೇ ಕಾವಲುಗಾರ ನಿಂತಿದ್ದಾನೆ. 'ಎದುರಿನವರಿಗೆ ಪ್ರಶ್ನಿಸುವ ಅವಕಾಶ ಸಿಕ್ಕಿತೇ?' ಎಂದು ಅವನು ಕೇಳುತ್ತಾನೆ.

ಮುಂಬಯಿಯ ಪಾಠ

ಆ ಕಾವಲುಗಾರನನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಒಂದು ನೋವಿನ ಉದಾಹರಣೆಯಿದೆ. 2008ರ ನವೆಂಬರ್ 26ರಂದು ಮುಂಬಯಿಯ ಮೇಲೆ ಭಯೋತ್ಪಾದಕರ ದಾಳಿ ನಡೆಯಿತು. ಒಳಸಂಚಿನ ಆರೋಪ ಹೊತ್ತ ಕೆಲವರ ವಿಚಾರಣೆ ಪಾಕಿಸ್ತಾನದಲ್ಲಿ ಆರಂಭವಾಯಿತು. ಆದರೆ ಮುಖ್ಯ ಸಾಕ್ಷಿಗಳಿದ್ದುದು ಭಾರತದಲ್ಲಿ. ಆ ನ್ಯಾಯಾಲಯದ ಪಾಲಿಗೆ ನಮ್ಮವರೇ ವಿದೇಶಿ ಸಾಕ್ಷಿಗಳು!

2012ರ ಮಾರ್ಚಿಯಲ್ಲಿ ಪಾಕಿಸ್ತಾನದ ನ್ಯಾಯಿಕ ಆಯೋಗವೊಂದು ಮುಂಬಯಿಗೆ ಬಂತು. ನಾಲ್ವರ ಹೇಳಿಕೆಗಳು ದಾಖಲಾದವು: ಸೆರೆಸಿಕ್ಕ ದಾಳಿಕೋರ ಕಸಬನ ತಪ್ಪೊಪ್ಪಿಗೆಯನ್ನು ಬರೆದುಕೊಂಡಿದ್ದ ಮ್ಯಾಜಿಸ್ಟ್ರೇಟರು, ತನಿಖೆಯ ಮುಖ್ಯ ಅಧಿಕಾರಿ ಮತ್ತು ಇಬ್ಬರು ವೈದ್ಯರು. ಆದರೆ ಮೊದಲೇ ಆಗಿದ್ದ ಏರ್ಪಾಡಿನಂತೆ ಪಾಟೀಸವಾಲಿಗೆ ಅವಕಾಶವಿರಲಿಲ್ಲ. ಆಯೋಗ ಕಾಗದಗಳೊಂದಿಗೆ ಹಿಂದಿರುಗಿತು. ಅದೇ ವರ್ಷದ ಜುಲೈಯಲ್ಲಿ ರಾವಲ್ಪಿಂಡಿಯ ಭಯೋತ್ಪಾದನಾ ನಿಗ್ರಹ ನ್ಯಾಯಾಲಯ, ಪಾಟೀಸವಾಲು ನಡೆಯದ ಕಾರಣ ಆ ಕಾಗದಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗದೆಂದಿತು. ಕೊನೆಗೆ 2013ರ ಸೆಪ್ಟೆಂಬರಿನಲ್ಲಿ ಆಯೋಗ ಮತ್ತೊಮ್ಮೆ ಮುಂಬಯಿಗೆ ಬಂದು ಪಾಟೀಸವಾಲು ನಡೆಸಿತು. ಒಂದು ಹೆಜ್ಜೆಯನ್ನು ಬಿಟ್ಟುದಕ್ಕೆ ಒಂದೂವರೆ ವರ್ಷ ಹೋಯಿತು. ತಮ್ಮವರನ್ನು ಕಳೆದುಕೊಂಡ ಮನೆಗಳ ದೃಷ್ಟಿಯಿಂದ ಆ ಅವಧಿಯನ್ನು ಎಣಿಸಿ ನೋಡಿ.

ಅದೇ ದಾಳಿಯ ಇನ್ನೊಂದು ವಿಚಾರಣೆಗೆ ಇದನ್ನು ಹೋಲಿಸಿ. ಅಮೆರಿಕದ ಸೆರೆಮನೆಯಲ್ಲಿದ್ದ ಡೇವಿಡ್ ಹೆಡ್ಲಿ 2016ರ ಫೆಬ್ರವರಿಯಲ್ಲಿ ವಿಡಿಯೋ ಸಂಪರ್ಕದ ಮೂಲಕ ಮುಂಬಯಿಯ ನ್ಯಾಯಾಲಯಕ್ಕೆ ಸಾಕ್ಷ್ಯ ನುಡಿದ. ಮಾರ್ಚಿಯಲ್ಲಿ ಆರೋಪಿಯ ಪರ ವಕೀಲರು ಅದೇ ತೆರೆಯ ಮೂಲಕ ಅವನಿಗೆ ಪಾಟೀಸವಾಲು ಹಾಕಿದರು. ಸಾಕ್ಷಿ ಸಾಗರದಾಚೆಯೇ ಉಳಿದ, ಆದರೆ ಪ್ರಶ್ನೆ ಸಾಗರ ದಾಟಿತು.

ನ್ಯಾಯಾಧೀಶರನ್ನೇ ಇಬ್ಭಾಗಿಸಿದ ಪ್ರಶ್ನೆ

ಪ್ರಾಮಾಣಿಕವಾಗಿ ಪ್ರಯತ್ನಿಸಿದರೂ ಸಾಕ್ಷಿ ಸಿಗದೇ ಹೋದರೆ? 2007ರಲ್ಲಿ ಜರ್ಮನಿಯ ಗ್ಯೋಟಿಂಗನ್ ನಗರದಲ್ಲಿ ದರೋಡೆಯೊಂದು ನಡೆಯಿತು. ಬಲಿಯಾದವರು ಲಾಟ್ವಿಯಾ ದೇಶದ ಇಬ್ಬರು ಮಹಿಳೆಯರು. ಅವರು ಪೊಲೀಸರಿಗೂ ತನಿಖಾ ನ್ಯಾಯಾಧೀಶರಿಗೂ ಹೇಳಿಕೆ ಕೊಟ್ಟು ಸ್ವದೇಶಕ್ಕೆ ಮರಳಿದರು. ವಿಚಾರಣೆಯ ಹೊತ್ತಿಗೆ, ಆ ಘಟನೆಯ ಆಘಾತದಿಂದ ತಾವು ಇನ್ನೂ ಚೇತರಿಸಿಕೊಂಡಿಲ್ಲ, ಬರಲಾರೆವು ಎಂದರು. ಜರ್ಮನ್ ನ್ಯಾಯಾಲಯ ಲಾಟ್ವಿಯಾದ ನೆರವನ್ನೂ ಕೋರಿತು; ಫಲ ಸಿಗಲಿಲ್ಲ. ಕೊನೆಗೆ ಅವರ ಲಿಖಿತ ಹೇಳಿಕೆಗಳನ್ನೇ ಓದಿ ಆರೋಪಿಗೆ ಶಿಕ್ಷೆ ವಿಧಿಸಲಾಯಿತು.

ಪ್ರಕರಣ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. 2015ರ ಡಿಸೆಂಬರಿನಲ್ಲಿ ತೀರ್ಪು ಬಂತು. ಸಾಕ್ಷಿಗಳನ್ನು ಕರೆಸಲು ಜರ್ಮನ್ ನ್ಯಾಯಾಲಯ ತಕ್ಕ ಪ್ರಯತ್ನ ಮಾಡಿತ್ತೆಂಬುದನ್ನು ಅದು ಒಪ್ಪಿತು. ಆದರೆ ತನಿಖಾ ನ್ಯಾಯಾಧೀಶರು ಹೇಳಿಕೆ ಪಡೆಯುವಾಗ, ಈ ಮಹಿಳೆಯರು ದೇಶ ಬಿಡುವವರೆಂದು ಗೊತ್ತಿದ್ದೂ, ಆರೋಪಿಗೆ ಒಬ್ಬ ವಕೀಲರನ್ನು ನೇಮಿಸಿ ಪ್ರಶ್ನೆ ಕೇಳಿಸಲಿಲ್ಲವೇಕೆ ಎಂದು ಕೇಳಿತು. ನ್ಯಾಯಯುತ ವಿಚಾರಣೆಯ ಹಕ್ಕಿಗೆ ಭಂಗ ಬಂದಿದೆಯೆಂದು ಒಂಬತ್ತು ನ್ಯಾಯಾಧೀಶರು ಹೇಳಿದರು. ಎಂಟು ಮಂದಿ ಭಿನ್ನಮತ ಸೂಚಿಸಿದರು. ಒಂದೇ ಮತದ ಅಂತರ! ಒಂದು ಕಡೆ ಬೆದರಿದ ಇಬ್ಬರು ಹೆಂಗಸರು, ಇನ್ನೊಂದು ಕಡೆ ಪ್ರಶ್ನೆ ಕೇಳುವ ಅವಕಾಶವನ್ನೇ ಕಾಣದ ಆರೋಪಿ. ತಕ್ಕಡಿ ಎಷ್ಟು ಸೂಕ್ಷ್ಮವಾಗಿ ತೂಗುತ್ತದೆ ಎಂಬುದನ್ನು ಆ ಅಂತರವೇ ಹೇಳುತ್ತದೆ.

ತೆರೆಯ ಮೇಲಿನ ಸಾಕ್ಷಿ

ನಮ್ಮ ದೇಶದಲ್ಲಿ ಈ ಕಗ್ಗಂಟನ್ನು ಬಹುಮಟ್ಟಿಗೆ ಬಿಡಿಸಿದ್ದು 2003ರ ಏಪ್ರಿಲ್‌ನಲ್ಲಿ ಬಂದ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಮುಂಬಯಿಯ ಡಾ. ಪ್ರಫುಲ್ಲ ದೇಸಾಯಿಯವರ ಮೇಲೆ ಕ್ಯಾನ್ಸರ್ ರೋಗಿಯೊಬ್ಬರ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಕ್ರಿಮಿನಲ್ ಮೊಕದ್ದಮೆಯಿತ್ತು. ರೋಗಿಯನ್ನು ಮೊದಲು ಪರೀಕ್ಷಿಸಿ, ಶಸ್ತ್ರಚಿಕಿತ್ಸೆ ತಕ್ಕುದಲ್ಲವೆಂದಿದ್ದ ನ್ಯೂಯಾರ್ಕಿನ ತಜ್ಞರು ಸಾಕ್ಷ್ಯ ಹೇಳಲು ಸಿದ್ಧರಿದ್ದರು, ಆದರೆ ಭಾರತಕ್ಕೆ ಬರಲು ಒಪ್ಪಲಿಲ್ಲ. ವಿಡಿಯೋ ಮೂಲಕ ಕೇಳಬಹುದೇ? ಸಾಕ್ಷ್ಯವನ್ನು ಆರೋಪಿಯ ಸಮ್ಮುಖದಲ್ಲಿ ಪಡೆಯಬೇಕೆಂದು ಕಾನೂನು ಹೇಳುತ್ತದಲ್ಲ ಎಂಬ ಆಕ್ಷೇಪ ಬಂತು. ಬಂಬಯಿ ಉಚ್ಚ ನ್ಯಾಯಾಲಯ ವಿಡಿಯೋ ಬೇಡವೆಂದಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸಾಕ್ಷಿಯನ್ನು ಕಾಣಬಹುದು, ಕೇಳಬಹುದು, ಒಡನೆಯೇ ಪ್ರಶ್ನಿಸಬಹುದು. ಹಾಗಿರುವಾಗ ಅದು ಸಮ್ಮುಖವೇ ಎಂಬುದು ಅದರ ನಿಲುವು. ಮೂಲ ಮೊಕದ್ದಮೆಯಲ್ಲಿ ವೈದ್ಯರು 2013ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ದೋಷಮುಕ್ತರಾದರು ಎಂಬುದನ್ನೂ ಹೇಳಬೇಕು.

ಅದೇ 2003ರಲ್ಲಿ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವೂ ಚಲನಚಿತ್ರ ಸಂಸ್ಥೆಗಳ ನಡುವಿನ ಸಿವಿಲ್ ದಾವೆಯೊಂದರಲ್ಲಿ, ಅಮೆರಿಕದಲ್ಲಿದ್ದ ಸಾಕ್ಷಿಗಳನ್ನು ವಿಡಿಯೋ ಮೂಲಕ ವಿಚಾರಿಸಲು ಒಪ್ಪಿತು. ಅದು ಹಾಕಿದ ಷರತ್ತುಗಳು ಕುತೂಹಲಕರವಾಗಿವೆ. ತೆರೆಯ ಮೇಲೆ ಕಾಣುವವರು ಅದೇ ಸಾಕ್ಷಿಯೆಂಬುದಕ್ಕೆ ಗುರುತಿನ ಅಫಿಡವಿಟ್ ಸಲ್ಲಬೇಕು. ವಿಚಾರಣೆ ಭಾರತದ ನ್ಯಾಯಾಲಯದ ವೇಳೆಯಲ್ಲಿ ನಡೆಯಬೇಕು. ಅಲ್ಲಿ ನಡುರಾತ್ರಿ ಎಂಬ ನೆಪ ಸಲ್ಲದು. ಸಾಕ್ಷಿ ಒಬ್ಬರೇ ಇರಬೇಕು, ಪಕ್ಕದಲ್ಲಿ ನಿಂತು ಹೇಳಿಕೊಡುವವರು ಇರಕೂಡದು. ಇದನ್ನು ನೋಟರಿ ದೃಢೀಕರಿಸಬೇಕು. ಸಾಕ್ಷಿಯ ನಡವಳಿಕೆಯಲ್ಲಿ ಗಮನಾರ್ಹವಾದುದನ್ನು ನ್ಯಾಯಾಧೀಶರು ಬರೆದಿಡಬೇಕು. ಕೊನೆಗೆ ಆ ಹೇಳಿಕೆಯನ್ನು ಸಾಕ್ಷಿಗೆ ಕಳಿಸಿ ನೋಟರಿಯ ಎದುರು ಸಹಿ ಪಡೆಯಬೇಕು. ಕಟಕಟೆಯಲ್ಲಿ ಸಹಜವಾಗಿಯೇ ಇರುವ ರಕ್ಷಣೆಗಳನ್ನು ಒಂದೊಂದಾಗಿ ತೆರೆಯ ಬಳಿಗೆ ತಂದು ನಿಲ್ಲಿಸುವ ಪ್ರಯತ್ನವಿದು. 2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಕ್ರಿಮಿನಲ್ ವಿಚಾರಣೆಗಳಲ್ಲಿ ವಿಡಿಯೋ ಸಾಕ್ಷ್ಯವನ್ನು ಸ್ಪಷ್ಟ ಮಾತುಗಳಲ್ಲಿಯೇ ಅಂಗೀಕರಿಸಿದೆ.

ಮತ್ತೆ ಆ ಜಗಲಿಗೆ

ಈಗ ನಮ್ಮ ರೈತರ ಕಥೆಗೆ ಮರಳೋಣ. ಅವರು ಮಾಡಬೇಕಾದುದೇನು? ಯುವಕ ಬರೆಯುವ ಹೇಳಿಕೆಯಲ್ಲಿ ತಾನು ಕಣ್ಣಾರೆ ಕಂಡದ್ದು ಮಾತ್ರ ಇರಲಿ: ಯಾವ ದಿನ, ಎಲ್ಲಿ, ಯಾರು ಯಾರಿಗೆ ಕೊಟ್ಟರು, ಅಲ್ಲಿ ಕಿವಿಯಾರೆ ಕೇಳಿದ ಮಾತು ಯಾವುದು. ಆಮೇಲೆ ತಿಳಿದದ್ದನ್ನು ಕಂಡದ್ದರೊಂದಿಗೆ ಬೆರೆಸುವುದು ಬೇಡ. ಕಾನ್ಸುಲೇಟಿನ ಅಧಿಕಾರಿಯ ಮುಂದೆ ಅವನು ಪ್ರಮಾಣ ಮಾಡಲಿ. ರೈತರ ವಕೀಲರು ಅಲ್ಲಿಗೇ ನಿಲ್ಲದೆ, ಪಾಟೀಸವಾಲನ್ನು ವಿಡಿಯೋ ಮೂಲಕ ನಡೆಸಲು ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಲಿ. ಎದುರು ಪಕ್ಷದವರು ಪ್ರಶ್ನೆ ಕೇಳಲಿ. ಹಣ ಜಮೀನಿನದೋ ಹಳೆಯ ಸಾಲದ್ದೋ ಎಂಬುದು ಆಗ ಹೊರಬೀಳುತ್ತದೆ. ರೈತರು ಗೆಲ್ಲಬಹುದು, ಸೋಲಲೂಬಹುದು. ಆದರೆ ಗೆದ್ದವರ ಗೆಲುವನ್ನು ಆಗ ಯಾರೂ ಕಾಗದದ ಗೆಲುವೆಂದು ಹಳಿಯಲಾರರು.

ವಿದ್ಯಾರ್ಥಿಗಳೇ, ನಿಮಗೊಂದು ಸಣ್ಣ ಪ್ರಯೋಗವನ್ನು ಸೂಚಿಸಿ ನನ್ನ ಮಾತು ಮುಗಿಸುತ್ತೇನೆ. ಶಾಲೆಯ ಅಂಗಳದಲ್ಲಿ ನಡೆದ ಯಾವುದಾದರೊಂದು ಘಟನೆಯನ್ನು, ಒಂದು ಆಟವನ್ನೋ ಚಿಕ್ಕ ಜಗಳವನ್ನೋ, ಕಂಡ ಗೆಳೆಯರೊಬ್ಬರಿಂದ ಹತ್ತು ಸಾಲು ಬರೆಸಿ. ತರಗತಿಯಲ್ಲಿ ಅದನ್ನು ಓದಿ, ಏನು ನಡೆಯಿತೆಂದು ಎಲ್ಲರೂ ತೀರ್ಮಾನಿಸಿ. ಆಮೇಲೆ ಬರೆದವರನ್ನು ಎದುರಿಗೆ ಕರೆದು ಐದೇ ಐದು ಪ್ರಶ್ನೆ ಕೇಳಿ: 'ಎಲ್ಲಿ ನಿಂತಿದ್ದೆ? ಎಷ್ಟು ದೂರ? ಮೊದಲಿನಿಂದ ನೋಡಿದೆಯಾ? ಯಾರಾದರೂ ಹೇಳಿದರಾ? ಅವರಲ್ಲಿ ನಿನಗೆ ಬೇಕಾದವರು ಯಾರು?' ನಿಮ್ಮ ಮೊದಲ ತೀರ್ಮಾನ ಹಾಗೆಯೇ ಉಳಿಯಿತೇ ಎಂದು ನೋಡಿಕೊಳ್ಳಿ. ಉಳಿಯದಿದ್ದರೆ, ನ್ಯಾಯಾಲಯ ಬರೀ ಕಾಗದವನ್ನು ಏಕೆ ಅಷ್ಟು ಅನುಮಾನದಿಂದ ನೋಡುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.